ಖಾಲಿ ಗೂಡು ಅಂತ ಗುಡಿಸಬ್ಯಾಡ್ರಿ

ಶಿವರಾತ್ರಿ ಕಳೀತು ಅಂದ್ರೆ ನಮ್ ನನ್ನಿವಾಳದ ಹೆಂಗಸರ ಕೈಗೆ ಬಿಡುವಿರಲ್ಲ. ಉಗಾದಿ ಒಳಗೆ ಮನೆ ಧೂಳು ಹೊಡೀಬೇಕು, ಅಟ್ಟದ ಸಾಮಾನು ಇಳಿಸಿ ತೊಳೀಬೇಕು, ಮೂಲೆ ಮೂಲೆ ಇಲ್ಲಣ ತೆಗೀಬೇಕು, ಗೋಡೆಗೆ ಸುಣ್ಣನೋ ಬಣ್ಣನೋ ಒಂದು ಕೈ ಆಡಿಸಬೇಕು. ಉದ್ದನೆ ಗಳಕ್ಕೆ ಕಸಬರಿಗೆ ಕಟ್ಕೆಂಡು, ತಲೆಗೆ ಹಳೇ ಟವೆಲ್ ಸುತ್ಕೆಂಡು ನಿಂತ್ವಿ ಅಂದ್ರೆ ಜೇಡಕ್ಕೂ ಗತಿ ಇಲ್ಲ, ಹಲ್ಲಿಗೂ ಗತಿ ಇಲ್ಲ.

ಅದೇ ದಿನಗಳಾಗೆ ನಮ್ಮನೆ ಸುತ್ತಮುತ್ತ ಇನ್ನೊಬ್ಬಳು ಬಾಣಂತನದ ತಯಾರಿ ನಡೆಸಿರ್ತಾಳೆ. ನಾವು ಯಾವ್ದನ್ನ ಕಸ ಅಂತ ಹೊಡೆದು ಹಾಕ್ತೀವೋ, ಜೇಡರ ಬಲೆ, ಹತ್ತಿ ಎಳೆ, ಒಣಗಿದ ನಾರು, ಅದನ್ನೇ ಆಕೆ ಕೊಕ್ಕಿನಾಗೆ ಕಚ್ಕೆಂಡು ಹೋಗಿ ಮನೆ ಕಟ್ತಿರ್ತಾಳೆ. ನಮ್ಮ ಕೆಲ್ಸಕ್ಕೂ ಅದೇ ತಿಂಗಳು, ಆಕೆ ಕೆಲ್ಸಕ್ಕೂ ಅದೇ ತಿಂಗಳು. ಅದಕ್ಕೇ ಈ ಸಲ ನೀವು ಕಸಬರಿಗೆ ಎತ್ತೋಕಿಂತ ಮುಂಚೆ ಇದನ್ನ ಬರೀತಾ ಇದೀನಿ.

ನಾನು ಹೇಳ್ತಿರೋದು ಸೂರಕ್ಕಿ ಬಗ್ಗೆ. ನಮ್ಮನೇಲಿ ಹೂವಿನ ಗುಬ್ಬಿ ಅಂತೀವಿ. ಗುಬ್ಬಿಗಿಂತಲೂ ಸಣ್ಣದು, ಹತ್ತು ಗ್ರಾಂ ಕೂಡ ತೂಗಲ್ಲ. ಕೊಕ್ಕು ಮಾತ್ರ ದಬ್ಬಳದಂಗೆ ಉದ್ದ, ತುದೀಲಿ ಬಾಗಿರ್ತೈತೆ. ದಾಸವಾಳದ ಹೂವಿನ ತೊಟ್ಟಿಗೆ ಜೋತು ಬಿದ್ದು ಮಕರಂದ ಹೀರ್ತಿರೋದನ್ನ ನೀವೆಲ್ಲ ನೋಡಿರ್ತೀರಿ. ಗಂಡು ನೋಡೋಕೆ ಕರ್ರಗೆ, ಬಿಸಿಲು ಬಿದ್ರೆ ನೀಲಿ ನೇರಳೆ ಮಿಂಚ್ತೈತೆ, ಮೊಳಕಾಲ್ಮೂರು ರೇಷ್ಮೆ ಸೀರೆ ಮಡಿಕೆ ಬಿಚ್ಚಿದಂಗೆ. ಅದೂ ಸಂಸಾರದ ಕಾಲಕ್ಕೆ ಮಾತ್ರ. ಆಮೇಲೆ ಆ ಬಣ್ಣ ಉದುರಿ, ಎದೆ ಮ್ಯಾಲೆ ಒಂದು ಕರಿ ಗೆರೆ ಉಳೀತೈತೆ ಅಷ್ಟೇ. ಹೆಣ್ಣಿಗೆ ಇಂಥ ಮಿಂಚೇನಿಲ್ಲ. ಮ್ಯಾಲೆ ಮಣ್ಣಿನ ಬಣ್ಣ, ಕೆಳಗೆ ತೆಳು ಹಳದಿ. ಗೂಡು ಕಟ್ಟೋದೆಲ್ಲ ಆಕೇನೇ. ಗಂಡು ಹಿಂದೆ ಮುಂದೆ ಹಾರ್ಕೆಂಡು, ಕೂಗ್ಕೆಂಡು, ಬೇರೆ ಗಂಡು ಬಂದ್ರೆ ಓಡಿಸ್ಕೆಂಡು ಇರ್ತೈತೆ. ನಗಬ್ಯಾಡ್ರಿ, ಮರಿ ಆದ ಮ್ಯಾಲೆ ಉಣಿಸೋಕೆ ಅದೂ ಬರ್ತೈತೆ.

ಈ ಹಕ್ಕಿಗೆ ಕಾಡೇ ಬೇಕು ಅಂತಿಲ್ಲ. ಬೇಲಿ ಜಾಲಿಗೂ ಕಟ್ತೈತೆ, ಜಗಲಿ ಮುಂದೆ ಜೋತು ಬಿದ್ದಿರೋ ಬಲ್ಬಿನ ವೈರಿಗೂ ಕಟ್ತೈತೆ, ಬಟ್ಟೆ ಒಣಗಿ ಹಾಕೋ ತಂತಿಗೂ ಕಟ್ತೈತೆ. ಮನುಷ್ಯರು ಓಡಾಡೋ ಕಡೆ ಕಾಗೆ ಕಾಟ ಕಮ್ಮಿ ಅಂತ ಲೆಕ್ಕ ಹಾಕ್ತೈತೋ ಏನೋ. ನಮ್ಮನೇಲಿ ಕಟ್ಟಿದ್ದು ಪಡಸಾಲೆ ಹೊರಗಿನ ತಂತಿ ಕೊನೇಲಿ. ಆ ಗೂಡು ಮೊದಲ ಎಳೆಯಿಂದ ಕೊನೇವರೆಗೂ ನಮ್ಮ ಕಣ್ಣ ಮುಂದೇನೇ ಆತು. ಅದಕ್ಕೇ ಇಷ್ಟು ಬರೆಯೋಕೆ ಆಗ್ತಿರೋದು.

ಶುರು ಮಾಡೋದೇ ಜೇಡರ ಬಲೆಯಿಂದ. ಮೂಲೆ ಮೂಲೆ ಬಲೆ ಕಿತ್ತು ತಂದು ತಂತಿಗೆ ಸುತ್ತಿ ಸುತ್ತಿ ಅಂಟು ಮಾಡ್ತೈತೆ. ಅದಕ್ಕೆ ನಾರು, ಒಣ ಹುಲ್ಲು, ತೊಗಟೆ ಚೂರು ಸೇರಿಸ್ತಾ ಹೋಗ್ತೈತೆ. ಎರಡು ಮೂರು ದಿನ ನೋಡಿದ್ರೆ ಅದು ಗೂಡು ಅಂತ ಯಾರೂ ಹೇಳಲ್ಲ. ಗಾಳಿಗೆ ಬಂದು ಸಿಕ್ಕಾಕ್ಕೆಂಡ ಕಸ ಅಂತಾರೆ. ಬಲೆ ಎಳೇನೇ ಯಾಕೆ ಅಂದ್ರೆ, ಅದು ಅಂಟೂ ಹೌದು, ಹಿಗ್ಗೋದೂ ಹೌದು. ಮುಂದೆ ಎರಡು ಮರಿ ದೊಡ್ಡವಾಗಿ ಒಳಗೆ ಮಿಸುಕಾಡಿದ್ರೂ ಗೂಡು ಹರಿಯಲ್ಲ, ಅವುಗಳ ಜೊತೆ ತಾನೂ ಹಿಗ್ತೈತೆ. ಬಸುರಿಯರಿಗೆ ನಾವು ಹೊಲಿಸೋ ಸಡಿಲ ರವಿಕೆ ಇದ್ದಂಗೆ.

ಕಸ ಒಂದು ಗೇಣು ಇಳಿಬಿದ್ದ ಮ್ಯಾಲೆ ಪಕ್ಕದಾಗೆ ತೂತು ಮಾಡಿ ಒಳಗೆ ಹೋಗ್ತೈತೆ. ಒಳಗೆ ಕುಂತು ಎದೇಲಿ ಒತ್ತಿ ಒತ್ತಿ, ಸುತ್ತ ತಿರುಗಿ ತಿರುಗಿ ಗುಂಡಗೆ ಮಾಡ್ತೈತೆ. ಹೊರಗಿಂದ ನೋಡಿದ್ರೆ ಚೀಲ ತಾನೇ ಉಸಿರಾಡ್ತೈತೇನೋ ಅನ್ಸ್ತೈತೆ. ಅಂದ್ರೆ ಅಳತೆ ತಗೊಳ್ಳೋಕೆ ಬೇರೆ ಪಟ್ಟಿ ಇಲ್ಲ, ಅದರ ಮೈಯೇ ಅಳತೆ. ಬಾಗಿಲ ಮ್ಯಾಲೆ ಒಂದು ಸಣ್ಣ ಸೂರು ಇಳಿಬಿಡ್ತೈತೆ, ನಮ್ಮ ಬಾಗಿಲಿಗೆ ಮಳೆ ಬಿಸಿಲು ತಡಿಯೋಕೆ ಸಜ್ಜಾ ಹಾಕಿಸ್ತೀವಲ್ಲ, ಹಂಗೆ. ಆಮೇಲೆ ಹೊರಗೋಡೆಗೆಲ್ಲ ಒಣಗಿದ ಎಲೆ ಚೂರು, ತೊಗಟೆ, ಕಂಬಳಿಹುಳದ ಹಿಕ್ಕೆ ಅಂಟಿಸ್ತೈತೆ. ಅಂದ ಇರಬಾರದು ಅನ್ನೋದೇ ಅದರ ಅಂದ. ಕಾಗೆ, ಬೆಕ್ಕು, ಓತಿಕ್ಯಾತಕ್ಕೆ ಅದು ಕಸದಂಗೆ ಕಾಣಬೇಕು, ಅದಕ್ಕೇ ಆ ವೇಷ. ಕಷ್ಟ ಏನಂದ್ರೆ ನಮಗೂ ಅದು ಕಸದಂಗೇ ಕಾಣ್ತೈತೆ.

ಹೊರಗೆ ಎಷ್ಟು ಒರಟೋ ಒಳಗೆ ಅಷ್ಟು ಮೆತ್ತಗೆ. ಕೊನೇಗೆ ಮಾಡೋ ಕೆಲಸ ಹಾಸಿಗೆ. ನಮ್ಮ ಚಳ್ಳಕೆರೆ ಸೀಮೇಲಿ ಮಳೆ ಕಮ್ಮಿ ಇರಬಹುದು, ಎಕ್ಕಕ್ಕೇನೂ ಬರ ಇಲ್ಲ. ಬೇಸಿಗೇಲಿ ಎಕ್ಕದ ಕಾಯಿ ಒಡೆದು ಬೀಜದ ಹಿಂದೆ ರೇಷ್ಮೆಯಂಥ ಬಿಳಿ ಹತ್ತಿ ಹಾರ್ತೈತಲ್ಲ, ಹುಡುಗ್ರು ಊದಿ ಆಡ್ತಾರಲ್ಲ, ಅದೇ ಹತ್ತಿ ತಂದು ತಂದು ಒಳಗೆ ಹಾಸ್ತೈತೆ. ಕುರಿ ಹಿಂಡು ಹೋದ ದಾರೀಲಿ ಜಾಲಿ ಮುಳ್ಳಿಗೆ ಸಿಕ್ಕ ಉಣ್ಣೆನೂ ನಮ್ಮನೆ ಹಕ್ಕಿ ತಂದಿದ್ದನ್ನ ನಾನೇ ನೋಡೀನಿ. ಚಳ್ಳಕೆರೆ ಕಂಬಳಿ ನಾವು ಮಾತ್ರ ಹೊದೀತೀವಿ ಅಂದ್ಕೊಂಡಿದ್ವಿ.

ಈ ಹಾಸಿಗೆ ಕೊನೇಗೇ ಯಾಕೆ ಬರ್ತೈತೆ ಅನ್ನೋದು ನನಗೆ ಬಹಳ ಇಷ್ಟವಾದ ವಿಷಯ. ಕಾವು ಕೂರೋ ಹೆಣ್ಣಕ್ಕಿಗೆ ಮೊಟ್ಟೆ ಇಡೋ ದಿನ ಹತ್ರ ಬಂದಂಗೆ ಎದೆ ಕೆಳಗಿನ ಪುಕ್ಕ ಉದುರಿ ಬರೀ ಚರ್ಮ ಆಗ್ತೈತೆ. ಅಲ್ಲಿ ರಕ್ತ ಹೆಚ್ಚು ಹರಿದು ಬೆಚ್ಚಗಾಗ್ತೈತೆ, ಯಾಕಂದ್ರೆ ಮೊಟ್ಟೆಗೆ ಬಿಸಿ ತಾಗಬೇಕಲ್ಲ, ಪುಕ್ಕ ಅಡ್ಡ ಇದ್ರೆ ತಾಗಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ರಾಬರ್ಟ್ ಹೈಂಡ್ ಅನ್ನೋ ವಿಜ್ಞಾನಿ 1950-60ರ ದಶಕಗಳಲ್ಲಿ ಕ್ಯಾನರಿ ಅನ್ನೋ ಹಾಡುಹಕ್ಕಿಗಳನ್ನ ಸಾಕಿ ಇದನ್ನೇ ವರ್ಷಗಟ್ಟಲೆ ನೋಡಿದ್ರು. ಮೊದಮೊದಲು ಹುಲ್ಲು ಆರಿಸ್ಕೆಂಡು ಕಟ್ಟೋ ಹೆಣ್ಣು, ಎದೆ ಚರ್ಮ ಬರಿದಾಗಿ ಸೂಕ್ಷ್ಮ ಆದಂಗೆ ಹುಲ್ಲು ಬಿಟ್ಟು ಮೆತ್ತನೆ ಪುಕ್ಕ ಆರಿಸೋಕೆ ಶುರು ಮಾಡ್ತೈತೆ. ಗೂಡಿನ ಒರಟುತನ ಆಕೆ ಮೈಗೆ ಚುಚ್ಚಿ ಗೊತ್ತಾಗ್ತೈತೆ. ಇದರ ಜೊತೆಗೆ, ಗೂಡು ಕಟ್ಟೋದು, ಅದರೊಳಗೆ ಕೂರೋದು, ಪಕ್ಕದಾಗೆ ಗಂಡು ಕೂಗೋದು, ಇವೆಲ್ಲ ಆಕೆ ಹೊಟ್ಟೆ ಒಳಗಿನ ಮೊಟ್ಟೆ ಬೆಳೆಯೋಕೂ ಒತ್ತಾಸೆ ಕೊಡ್ತಾವೆ ಅಂತನೂ ಗೊತ್ತಾತು. ಅಂದ್ರೆ ಗೂಡು ಬೇರೆ, ಬಸುರು ಬೇರೆ ಅಲ್ಲ. ಕೊಕ್ಕು ಹೊರಗೆ ಕಟ್ತಿದ್ರೆ ಹೊಟ್ಟೆ ಒಳಗೆ ಕಟ್ತಿರ್ತೈತೆ. ಎರಡೂ ಒಟ್ಟೊಟ್ಟಿಗೆ ಮುಗೀಬೇಕು.

ಹಾಸಿಗೆ ಆದ ಮ್ಯಾಲೆ ಒಂದು ಮಜಾ ಐತೆ. ಕೆಲವು ದಿನ ಹಕ್ಕಿ ಹೆಚ್ಚು ಕಾಣಿಸೋದೇ ಇಲ್ಲ. ಗೂಡು ಸುಮ್ನೆ ತೂಗಾಡ್ತಿರ್ತೈತೆ. ಆವಾಗ ನಾವು ಅಂದ್ಕೊಳ್ಳೋದು, ಬಿಟ್ಟೋತು, ಇಷ್ಟ ಆಗಲಿಲ್ಲ ಅಂತ. ಬಿಟ್ಟೋಗಿರಲ್ಲ. ಹೊಟ್ಟೆ ಒಳಗೆ ಮೊಟ್ಟೆ ಬಲೀತಿರ್ತೈತೆ, ಆಕೆ ಉಣ್ಣೋಕೆ ಹೋಗಿರ್ತಾಳೆ. ಬರೀ ಮಕರಂದ ಸಾಲಲ್ಲ, ಜೇಡ, ಸಣ್ಣ ಹುಳ ಬೇಕು. ಗುಬ್ಬಚ್ಚಿಗಳು ಈ ಕಾಲದಾಗೆ ಸುಣ್ಣದ ಗೋಡೆ ಕುಕ್ಕೋದನ್ನ ನೋಡಿದೀರಲ್ಲ, ಮೊಟ್ಟೆ ಚಿಪ್ಪಿಗೆ ಸುಣ್ಣದಂಶ ಬೇಕಲ್ಲ. ನಮ್ಮ ಬಸುರಿಯರು ಗೋಡೆ ಸುಣ್ಣ, ಕೆಮ್ಮಣ್ಣು ಕದ್ದು ತಿಂತಿದ್ದ ಕಥೆ ನೆನಪಿಗೆ ಬರ್ತೈತೆ. ಆಮೇಲೆ ಒಂದು ಬೆಳಗ್ಗೆ ಒಂದು ಮೊಟ್ಟೆ, ಮಾರನೇ ದಿನ ಇನ್ನೊಂದು. ಒಂದು ಮೊಟ್ಟೆ ಇಳಿದು ಚಿಪ್ಪು ಕಟ್ಟೋಕೆ ಸುಮಾರು ಒಂದು ದಿನ ಹಿಡೀತೈತೆ, ಅದಕ್ಕೇ ದಿನಕ್ಕೊಂದು. ಸೂರಕ್ಕಿ ಇಡೋದು ಸಾಮಾನ್ಯವಾಗಿ ಎರಡೇ.

ನಮ್ಮೂರಲ್ಲಿ ಮ್ಯಾಸನಾಯಕರ ಮನೆಗಳಲ್ಲಿ ಹಿಂದಿನಿಂದ ಕೋಳಿ ಸಾಕೋ ವಾಡಿಕೆ ಇಲ್ಲ. ಹಂಗಾಗಿ ಹಕ್ಕಿ ಕಾವು ಕೂರೋದನ್ನ ಹತ್ರದಿಂದ ನೋಡಿದ ಹುಡುಗ್ರು ಕಮ್ಮಿ. ಆ ಸಣ್ಣ ಬಾಗಿಲಾಗೆ ಕೊಕ್ಕು ಇಟ್ಕೆಂಡು, ಸೂರಿನ ಕೆಳಗೆ ಕಣ್ಣು ಮಿಟುಕಿಸ್ಕೆಂಡು ಕುಂತ ತಾಯಿನ ನೋಡೋಕೆ ಓಣಿ ಹುಡುಗ್ರೆಲ್ಲ ನಮ್ಮನೆಗೆ ಬರೋರು. ಆದ್ರೆ ಆಗ ಯಾರೂ ಅದನ್ನ ಮುಟ್ಟಲ್ಲ. ಮೊಟ್ಟೆ ಐತೆ, ತಾಯಿ ಐತೆ ಅಂತ ಕಾಣ್ತೈತಲ್ಲ. ಪೆಟ್ಟು ಬೀಳೋದು ಅದಕ್ಕಿಂತ ಮುಂಚಿನ ದಿನಗಳಾಗೆ.

ಬೇರೆ ಹಕ್ಕಿಗಳದೂ ಇದೇ ಪಾಡು, ದಾರಿ ಬೇರೆ ಅಷ್ಟೇ. ಸಿಂಪಿಗ ಗೊತ್ತಲ್ಲ, ಬಾಲ ಎತ್ಕೆಂಡು ಕೈತೋಟದಾಗೆ ಕುಣೀತೈತೆ, ಸಣ್ಣ ಜೀವಕ್ಕೆ ದೊಡ್ಡ ಗಂಟಲು. ಅದು ಅಗಲ ಎಲೆ ಅಂಚಿಗೆ ಕೊಕ್ಕಿನಾಗೆ ತೂತು ಹೊಡೆದು, ಹತ್ತಿನೋ ಬಲೆ ಎಳೆನೋ ತೂರಿಸಿ ಹೊಲೀತೈತೆ. ನಾವು ಹೊಲಿದಂಗೆ ಉದ್ದಕ್ಕೆ ಒಂದೇ ದಾರ ಅಲ್ಲ, ಒಂದೊಂದು ತೂತಿಗೆ ಒಂದೊಂದು ತುಂಡು. ಎಳೆಯ ತುದಿ ಹೊರಗೆ ಹರಡಿಕೊಂಡು ಗಂಟಿನಂಗೆ ಹಿಡ್ಕೊಳ್ತೈತೆ. ಎಲೆ ಗಿಡದಾಗೇ ಹಸುರಾಗಿ ಇರ್ತೈತೆ, ಹಂಗಾಗಿ ಯಾರಿಗೂ ಕಾಣಲ್ಲ. ಆ ಎಲೆ ದೊನ್ನೆ ಒಳಗೆ ಮತ್ತೆ ಹತ್ತಿ ಹಾಸಿಗೆ.

ಗೀಜಗದ ಮನೇಲಿ ಮಾತ್ರ ಗಂಡಸೇ ಮೇಸ್ತ್ರಿ. ಮಳೆ ಬಿದ್ದು ಹುಲ್ಲು ಎದ್ದ ಮ್ಯಾಲೆ ಬಾವಿ ಮ್ಯಾಲೆ ಬಾಗಿದ ಜಾಲಿಗೋ ಹಳ್ಳದ ಈಚಲಿಗೋ ಹಸಿ ಹುಲ್ಲು ಸೀಳಿ ಸೀಳಿ ನೇಯ್ತೈತೆ. ಅರ್ಧ ನೇಯ್ದು, ಟೋಪಿ ಥರ ಆದಾಗ ನಿಲ್ಲಿಸಿ, ಅದಕ್ಕೆ ಜೋತು ಬಿದ್ದು ರೆಕ್ಕೆ ಬಡಿದು ಹೆಣ್ಣುಗಳನ್ನ ಕರೀತೈತೆ. ಹೆಣ್ಣು ಬಂದು ಒಳಗೆಲ್ಲ ನೋಡಿ ಒಪ್ಪಿದ್ರೆ ಮಾತ್ರ ಉಳಿದರ್ಧ ನೇಯೋದು, ಉದ್ದನೆ ಕೊಳವೆ ಇಳಿಬಿಡೋದು. ಒಪ್ಪದಿದ್ರೆ ಅಲ್ಲಿಗೇ ಬಿಡ್ತೈತೆ. ಪಕ್ಷಿತಜ್ಞ ಸಲೀಂ ಅಲಿ ಅವರು 1930ರ ಸುಮಾರಿಗೆ ಬೊಂಬಾಯಿ ಸಮೀಪದ ಕಿಹಿಮ್‌ನಲ್ಲಿ ದಿನವೂ ಕುಂತು ನೋಡಿ ಇದನ್ನ ಬರೆದಿಟ್ರು. ಒಂದು ಹೆಣ್ಣು ಮೊಟ್ಟೆ ಇಟ್ಟು ಕಾವು ಕುಂತ್ಲು ಅಂದ್ರೆ ಗಂಡು ಪಕ್ಕದಾಗೆ ಇನ್ನೊಂದು ಮನೆ ಶುರು ಮಾಡಿ ಇನ್ನೊಬ್ಬಳನ್ನ ಕರೆಯೋದನ್ನೂ ಅವರೇ ತೋರಿಸಿದ್ದು. ಗೀಜಗ ಗೂಡಿನ ಒಳಗೆ ಮಣ್ಣಿನ ಉಂಡೆ ಅಂಟಿಸಿರ್ತೈತೆ. ಮಿಂಚುಹುಳ ತಂದು ಆ ಮಣ್ಣಿಗೆ ಸಿಗಿಸಿ ದೀಪ ಮಾಡ್ಕೊಳ್ತೈತೆ ಅಂತ ಹಿರೀರು ಹೇಳ್ತಿದ್ರು. ಚೆಂದದ ಮಾತು, ಆದ್ರೆ ನಿಜ ಅಲ್ಲ. ನಿಜ ಏನಂದ್ರೆ, ಯಾರು ಗೋಡೆ ಎಬ್ಬಿಸಿದ್ರೂ ಒಳಗಿನ ಹಾಸಿಗೆ ಸರಿ ಮಾಡ್ಕೊಳ್ಳೋಕೆ ಗೀಜಗದಾಗೂ ಹೆಣ್ಣೇ ಕೈ ಹಾಕ್ತಾಳೆ.

ಈಗ ಈ ಮಾತೆಲ್ಲ ಯಾಕೆ ಬಂತು ಅಂತ ಹೇಳ್ತೀನಿ. ಒಂದು ವರ್ಷ ಉಗಾದಿಗೆ ಮುಂಚೆ ನಮ್ಮ ಓಣೀಲೇ ಒಬ್ಬರ ಮನೇಲಿ ಬಾಗಿಲ ಮುಂದಿನ ವೈರಿಗೆ ಸೂರಕ್ಕಿ ಗೂಡು ಪೂರ್ತಿ ಮಾಡಿತ್ತು. ಧೂಳು ಹೊಡೆಯೋವಾಗ ಅದೂ ಹೋತು. ಬೇಕಂತ ಮಾಡಿದ್ದಲ್ಲ, ಇಣುಕಿ ನೋಡಿಯೇ ತೆಗೆದಿದ್ರು. "ಒಳಗೆ ಮೊಟ್ಟೆ ಏನೂ ಇರ್ಲಿಲ್ಲ ಬಿಡಕ್ಕ, ಖಾಲಿ ಇತ್ತು" ಅಂದ್ರು. ಎರಡು ದಿನ ಆ ಹಕ್ಕಿ ಕೊಕ್ಕಿನಾಗೆ ಎಕ್ಕದ ಹತ್ತಿ ಕಚ್ಕೆಂಡು ಬರೋದು, ಆ ವೈರಿನ ಮ್ಯಾಲೆ ಕೂರೋದು, ಸುತ್ತ ಹಾರೋದು, ಹತ್ತಿ ಇಡೋಕೆ ಜಾಗ ಇಲ್ಲದೆ ಮತ್ತೆ ಹೋಗೋದು. ಮೂರನೇ ದಿನ ಬರಲಿಲ್ಲ.

ಆಗ ನನ್ನ ಮಗಳು ಕುಬುಸ ಮುಗಿಸಿಕೊಂಡು ಹೆರಿಗೆಗೆ ಅಂತ ನಮ್ಮನೆಗೆ ಬಂದಿದ್ಲು. ಅವಳನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ಅದಕ್ಕೆ ಹಿಂದಿನ ಸಲ ಅವಳಿಗೆ ಐದು ತಿಂಗಳಿಗೇ ಹೋಗಿತ್ತು. ನೋಡೋಕೆ ಬಂದವರೆಲ್ಲ ಸಮಾಧಾನಕ್ಕೆ ಅಂತ ಒಂದೇ ಮಾತು ಹೇಳಿದ್ರು. ಇನ್ನೂ ಹುಟ್ಟೇ ಇರ್ಲಿಲ್ಲವಲ್ಲ, ವಯಸ್ಸೈತೆ, ಮತ್ತೆ ಆಗ್ತೈತೆ ಅಂತ. ಪ್ರೀತಿಯಿಂದಲೇ ಹೇಳಿದ್ದು. ಆದ್ರೆ ಅವತ್ತು ಆ ಹಕ್ಕಿ ವೈರಿನ ಮ್ಯಾಲೆ ಹತ್ತಿ ಹಿಡ್ಕೆಂಡು ಕುಂತಿದ್ದನ್ನ ಮಂಚದ ಮ್ಯಾಲಿಂದ ನೋಡಿ ನನ್ನ ಮಗಳು, "ನನಗೂ ಹಿಂಗೇ ಅಂದ್ರು ಕಣಮ್ಮ, ಖಾಲಿ ಇತ್ತು ಅಂತ" ಅಂದ್ಲು. ಅಷ್ಟು ದಿನ ಅವಳು ಆ ವಿಷಯ ಬಾಯಿ ಬಿಟ್ಟು ಮಾತಾಡಿದ್ದೇ ಇಲ್ಲ. ನಾನು ಏನೂ ಹೇಳಲಿಲ್ಲ. ಪಕ್ಕದಾಗೆ ಕುಂತೆ.

ಆಮೇಲೆ ಹತ್ತು ಹದಿನೈದು ದಿನಕ್ಕೆ ನಮ್ಮ ತಂತಿಗೆ ಬಲೆ ಸುತ್ತೋಕೆ ಶುರುವಾತು. ಅದೇ ಹಕ್ಕಿನೋ ಬೇರೆನೋ ಹೇಳೋಕೆ ಬರಲ್ಲ. ಗೂಡು ಹೋದ್ರೆ ಮತ್ತೆ ಕಟ್ಟೋದು ಈ ಹಕ್ಕಿಗಳ ಗುಣ. ಹಬ್ಬ ಆಗಿತ್ತು, ಆದ್ರೆ ಬಣ್ಣ ಬಳಿಯೋನು ಆಗಲೇ ಬಿಡುವು ಮಾಡ್ಕೆಂಡು ಬಂದಿದ್ದ. ಮಗಳು ಆ ಗೋಡೆ ಬಿಡಿ ಅಂದ್ಲು. ಮೂರು ಗೋಡೆಗೆ ಬಣ್ಣ ಆತು, ಒಂದು ಗೋಡೆ ಹಂಗೇ ಉಳೀತು. ಬಟ್ಟೆ ಹಿತ್ತಲಿಗೆ ಹೋದ್ವು.

ನಮ್ಮ ಕಡೆ ಹುಟ್ಟೋಕೆ ಮುಂಚೆ ತೊಟ್ಟಿಲು ತರಬಾರದು, ಬಟ್ಟೆ ಕೊಳ್ಳಬಾರದು ಅಂತಾರೆ. ದೃಷ್ಟಿ ಭಯ, ಅದನ್ನ ನಾನೂ ಮೀರಲ್ಲ. ಆದ್ರೆ ನಮ್ಮತ್ತೆ ಆ ದಿನಗಳಾಗೆ ಪೆಟ್ಟಿಗೆ ತೆಗೆದು ಹಳೇ ವಾಯಿಲ್ ಸೀರೆಗಳನ್ನೆಲ್ಲ ಹೊರಗೆ ಹಾಕಿದ್ರು. ನೂರಾರು ಸಲ ಒಗೆದು ಒಗೆದು ಬೆಣ್ಣೆಯಂಗೆ ಆದ ಸೀರೆಗಳು. ಬಿಸಿನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ತುಂಡು ತುಂಡು ಹರಿದು ಮಡಿಸಿಟ್ರು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳು ಮಾತ್ರ ನೋಡಿ ನಕ್ಕಳು. ಹಕ್ಕಿ ಮುಂಚೆನೇ ಹಾಸಿಗೆ ಮಾಡ್ತೈತೆ, ಹೊಸದನ್ನ ಕೊಂಡು ತರಲ್ಲ, ಹಳೇದರಾಗೇ ಮೆತ್ತನೇದು ಆರಿಸ್ತೈತೆ. ನಮ್ಮತ್ತೇನೂ ಅಷ್ಟೇ ಮಾಡಿದ್ದು.

ಎರಡೂ ಮರಿ ಹಾರಿ ಹೋದ್ವು. ಮೊಮ್ಮಗಳು ಅವು ಹಾರಿದ ವಾರಕ್ಕೆ ಹುಟ್ಟಿದ್ಲು, ಆ ಹಳೇ ಸೀರೆ ಮ್ಯಾಲೆ ಮಲಗಿ ಬೆಳೆದ್ಲು.

ಈಗ ಕೆಲಸದ ಮಾತು. ಇಲ್ಲಣ ತೆಗೆಯೋವಾಗ ತಂತಿ, ವೈರು, ಬಳ್ಳಿ ತುದೀಲಿ ಜೋತು ಬಿದ್ದ ಕಸ ಕಂಡ್ರೆ ಮೊದಲು ಹತ್ತು ನಿಮಿಷ ದೂರ ಕುಂತು ನೋಡ್ರಿ. ಬರೀ ಧೂಳಿನ ಬಲೆ ಆದ್ರೆ ಯಾರೂ ಬರಲ್ಲ. ಕೊಕ್ಕಿನಾಗೆ ಏನಾದ್ರೂ ಕಚ್ಕೆಂಡು ಬಂತು ಅಂದ್ರೆ ಕೈ ಹಿಂದಕ್ಕೆ ತಗೀರಿ. ಒಳಗೆ ಬೆರಳು ಹಾಕಿ ನೋಡಬ್ಯಾಡ್ರಿ. ಮನುಷ್ಯರ ವಾಸನೆ ಹತ್ತಿದ್ರೆ ಬಿಟ್ಟೋಗ್ತೈತೆ ಅಂತಾರೆ, ಅದು ವಾಸನೆಗಲ್ಲ, ಹೆದರಿಕೆಗೆ. ಮರಿ ಇರೋ ಗೂಡನ್ನ ತಾಯಿ ಅಷ್ಟು ಸುಲಭಕ್ಕೆ ಬಿಡಲ್ಲ. ಇನ್ನೂ ಕಟ್ತಿರೋವಾಗ, ಮೊಟ್ಟೆ ಇಡೋ ಹೊಸ್ತಿಲಲ್ಲಿ ಇರೋವಾಗ ಹೆದರಿಸಿದ್ರೆ ಬಿಟ್ಟುಬಿಡ್ತೈತೆ. ಖಾಲಿ ಅಂತ ನಮಗೆ ಸದರ ಅನ್ಸೋ ಹೊತ್ತೇ ಅದಕ್ಕೆ ಅತಿ ನಾಜೂಕಿನ ಹೊತ್ತು.

ಎಷ್ಟು ದಿನ ಕಾಯೋದು ಅಂತೀರಾ? ಕಟ್ಟೋಕೆ 5ರಿಂದ 10 ದಿನ, ನಡುವೆ ಸುಮ್ನಿರೋದು ಒಂದಷ್ಟು ದಿನ, ಕಾವು 15-17 ದಿನ, ಮರಿ ಹಾರೋಕೆ ಇನ್ನೆರಡು ವಾರ. ಎಲ್ಲ ಸೇರಿ ಒಂದು ಮಂಡಲ ಅಂದ್ಕೊಳ್ರಿ, 48 ದಿನ. ದೇವರಿಗೆ ಅಷ್ಟು ದಿನ ನೇಮ ಹಿಡಿಯೋರು ನಾವು. ಅಷ್ಟು ದಿನ ಬಟ್ಟೆಗೆ ಬೇರೆ ತಂತಿ ಕಟ್ಕೊಳ್ರಿ, ಬೆಕ್ಕು ಹತ್ತೋ ಸ್ಟೂಲು, ಏಣಿ ಅದರ ಕೆಳಗಿಂದ ತೆಗೀರಿ, ಮಕ್ಕಳಿಗೆ ದೂರದಿಂದ ತೋರಿಸ್ರಿ. ಬೇಲಿ ಪಕ್ಕದ ಎಕ್ಕದ ಗಿಡ ಒಂದೆರಡು ಬಿಡ್ರಿ. ಮರಿ ಹಾರಿ ಹೋಗಿ, ಒಂದು ವಾರ ಯಾರೂ ಬರಲಿಲ್ಲ ಅಂದ್ರೆ ಆಮೇಲೆ ನಿಮ್ಮಿಷ್ಟ, ತೆಗೆದು ಗುಡಿಸ್ರಿ.

ಹಬ್ಬಕ್ಕೆ ಬಂದ ನೆಂಟರು ಒಂದು ಮೂಲೆ ಯಾಕೆ ಹಿಂಗೈತೆ ಅಂತ ಕೇಳೇ ಕೇಳ್ತಾರೆ. ಬೇವು ಬೆಲ್ಲ ಕೈಗಿಟ್ಟು, ಬಾಣಂತಿ ಕೋಣೆ ಅನ್ರಿ.